ಟೆಡ್ ಲಿಂಡ್ಸೆ ಕೇಳಿದ ಲೆಕ್ಕ



ಕಾರ್ಮಿಕ ಸಂಘಟನೆಗೆ ಬಾಳು ಸವೆಸಿದ ಹಿರಿಯರೊಬ್ಬರ ನೆನಪಿನ ಉಪನ್ಯಾಸಕ್ಕೆ ಐಸ್ ಹಾಕಿ ಆಟಗಾರನೊಬ್ಬನನ್ನು ಆರಿಸಿಕೊಂಡದ್ದು ಕೆಲವರ ಹುಬ್ಬೇರಿಸಿರಬಹುದು. ಗಿರಣಿ, ಗಣಿ, ತೋಟ, ಸಾರಿಗೆ ಎಲ್ಲ ಬಿಟ್ಟು ಮಂಜುಗಡ್ಡೆಯ ಮೇಲೆ ಜಾರುವವರ ಕಥೆ ಏಕೆ? ಗಿರಣಿ ಕಾರ್ಮಿಕನ ಕಷ್ಟ ಕಣ್ಣಿಗೆ ಕಾಣುತ್ತದೆ. ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಬರುವ, ಮಕ್ಕಳು ಸಹಿಗಾಗಿ ಮುತ್ತಿಕೊಳ್ಳುವ ಒಬ್ಬ ಮನುಷ್ಯನಿಗೂ ತನ್ನ ದುಡಿಮೆಯ ಮೇಲೆ ತನಗೆ ಹಕ್ಕಿಲ್ಲ ಎಂದರೆ ನಂಬುವುದು ಕಷ್ಟ. ಹಾಗಿದ್ದ ಒಂದು ಕಾಲವನ್ನು, ಅದನ್ನು ಪ್ರಶ್ನಿಸಿದ ಒಬ್ಬನನ್ನು ನಿಮ್ಮ ಮುಂದಿಡುತ್ತೇನೆ. ಅವನ ಹೆಸರು ಟೆಡ್ ಲಿಂಡ್ಸೆ. ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಲೆಫ್ಟ್ ವಿಂಗ್ ಆಟಗಾರ.

ಮೊದಲು ಆಟದ ಬಗ್ಗೆ ಎರಡು ಮಾತು. ಹಾಕಿ ಎಂದರೆ ನಮಗೆ ಕೊಡಗು, ಕೊಡವ ಕುಟುಂಬಗಳ ನಡುವಿನ ಟೂರ್ನಿ ನೆನಪಾಗುತ್ತದೆ. ಆ ಆಟವನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಐಸ್ ಹಾಕಿ ಅರ್ಥವಾಗುವುದಿಲ್ಲ. 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಅಂಗಳ. ಸುತ್ತಲೂ ಎದೆಮಟ್ಟದ ಹಲಗೆ ಗೋಡೆ. ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರೇ ಜನ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ, ತೂಕ ಸುಮಾರು 170 ಗ್ರಾಂ. ಪಕ್ ಹಿಡಿದವನನ್ನು ಭುಜದಿಂದ, ಸೊಂಟದಿಂದ ಗುದ್ದಿ ಉರುಳಿಸಲು ನಿಯಮವೇ ಅವಕಾಶ ಕೊಡುತ್ತದೆ. ಅದನ್ನೂ ಮೀರಿದರೆ ಪೆನಾಲ್ಟಿ ಬಾಕ್ಸಿನಲ್ಲಿ ಎರಡು ನಿಮಿಷವೋ ಐದು ನಿಮಿಷವೋ ಕೂರಬೇಕು. ಎಷ್ಟು ಬಿರುಸು ಎಂದರೆ ಒಬ್ಬ ಆಟಗಾರ ಒಂದು ಸಲಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಆಡಲಾರ. ಓಡಿಬಂದು ಬೆಂಚಿನ ಮೇಲೆ ಬೀಳುತ್ತಾನೆ, ಇನ್ನೊಬ್ಬ ಹಲಗೆ ಹಾರಿ ಒಳಗಿಳಿಯುತ್ತಾನೆ. ಲಿಂಡ್ಸೆಯ ಕಾಲದಲ್ಲಿ ತಲೆಗೆ ಹೆಲ್ಮೆಟ್ ಇರಲಿಲ್ಲ. ಗೋಲ್‌ಕೀಪರನ ಮುಖಕ್ಕೂ ಮುಖವಾಡ ಇರಲಿಲ್ಲ. ಮಾಂಟ್ರಿಯಲ್‌ನ ಜಾಕ್ ಪ್ಲಾಂಟ್ ಕೋಚ್‌ನೊಡನೆ ಹಟ ಮಾಡಿ ಪಂದ್ಯದಲ್ಲಿ ಮುಖವಾಡ ತೊಟ್ಟದ್ದು 1959ರ ನವೆಂಬರಿನಲ್ಲಿ.

ಲಿಂಡ್ಸೆ ಹುಟ್ಟಿದ್ದು 1925ರ ಜುಲೈ 29ರಂದು, ಕೆನಡಾದ ಆಂಟೇರಿಯೋ ಪ್ರಾಂತ್ಯದ ರೆನ್‌ಫ್ರೂ ಎಂಬ ಊರಿನಲ್ಲಿ. ತಂದೆ ಬರ್ಟ್ ಲಿಂಡ್ಸೆ ಕೂಡ ವೃತ್ತಿಪರ ಗೋಲ್‌ಕೀಪರ್. ಬೆಳೆದದ್ದು ಕರ್ಕ್‌ಲೆಂಡ್ ಲೇಕ್ ಎಂಬ ಚಿನ್ನದ ಗಣಿಯ ಊರಿನಲ್ಲಿ. ಕೋಲಾರದ ಚಿನ್ನದ ಗಣಿ ಕಂಡ ನಮಗೆ ಅಂಥ ಊರಿನ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. 1941ರ ನವೆಂಬರಿನಿಂದ 1942ರ ಫೆಬ್ರವರಿಯವರೆಗೆ, ಮೂಳೆ ಕೊರೆಯುವ ಚಳಿಯಲ್ಲಿ, ಅಲ್ಲಿನ ಗಣಿ ಕಾರ್ಮಿಕರು ಸಂಘಕ್ಕೆ ಮಾನ್ಯತೆ ಬೇಕೆಂದು ಮುಷ್ಕರ ಹೂಡಿ ಸೋತರು. ಕೆನಡಾದ ಕಾರ್ಮಿಕ ಚರಿತ್ರೆಯಲ್ಲಿ ಅದು ದೊಡ್ಡ ಹೆಸರಿನ ಸೋಲು. ಮುಂದಿನ ಕಾರ್ಮಿಕ ಕಾನೂನುಗಳಿಗೆ ಅದೇ ಒಂದು ಪ್ರೇರಣೆ. ಆಗ ಲಿಂಡ್ಸೆಗೆ ಹದಿನಾರು ವರ್ಷ.

1944ರಲ್ಲಿ, ಹತ್ತೊಂಬತ್ತು ತುಂಬಿದ ಹುಡುಗ ಡೆಟ್ರಾಯಿಟ್ ಸೇರಿದ. ಎತ್ತರ 5 ಅಡಿ 8 ಅಂಗುಲ. ಈ ಆಟದ ಲೆಕ್ಕದಲ್ಲಿ ಕುಳ್ಳ. ಆ ಕೊರತೆಯನ್ನು ಒರಟುತನದಿಂದ ತುಂಬಿಕೊಂಡ. ಮೊಣಕೈ, ಕೋಲಿನ ತುದಿ, ಬಾಯಿ, ಮೂರನ್ನೂ ಧಾರಾಳವಾಗಿ ಬಳಸಿದ. ಜನ ಇಟ್ಟ ಅಡ್ಡಹೆಸರು ‘ಟೆರಿಬಲ್ ಟೆಡ್’. ಮುಖಕ್ಕೆ ಬಿದ್ದ ಹೊಲಿಗೆಗಳು ನೂರಾರು. ಸಿಡ್ ಏಬಲ್ ನಡುವೆ, ಗಾರ್ಡಿ ಹೋವ್ ಬಲಕ್ಕೆ, ಲಿಂಡ್ಸೆ ಎಡಕ್ಕೆ – ಈ ಮೂವರನ್ನು ‘ಪ್ರೊಡಕ್ಷನ್ ಲೈನ್’ ಎಂದು ಕರೆದರು. ಕಾರು ತಯಾರಿಸುವ ಊರಲ್ಲವೆ, ಆಟಕ್ಕೂ ಕಾರ್ಖಾನೆಯ ಹೆಸರೇ ಬಂತು. 1949–50ರ ಹಂಗಾಮಿನಲ್ಲಿ ಇಡೀ ನ್ಯಾಷನಲ್ ಹಾಕಿ ಲೀಗಿನ ಅಂಕಪಟ್ಟಿಯಲ್ಲಿ ಮೊದಲ ಮೂರು ಸ್ಥಾನ ಈ ಮೂವರದೇ. 78 ಅಂಕಗಳೊಂದಿಗೆ ಲಿಂಡ್ಸೆ ಮೊದಲಿಗ. 1950, 1952, 1954, 1955 – ನಾಲ್ಕು ಸಲ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಡೆಟ್ರಾಯಿಟಿಗೆ ಬಂತು. 1950ರಲ್ಲಿ ಗೆದ್ದ ರಾತ್ರಿ ಮೇಜಿನ ಮೇಲಿದ್ದ ಕಪ್ಪನ್ನು ಲಿಂಡ್ಸೆ ಎತ್ತಿಕೊಂಡು, ಹಲಗೆ ಗೋಡೆಗೆ ಒತ್ತಿಕೊಂಡೇ ಇಡೀ ಅಂಗಳ ಸುತ್ತಿದ. ದುಡ್ಡು ಕೊಟ್ಟು ಬಂದ ಜನ ಹತ್ತಿರದಿಂದ ನೋಡಲಿ ಎಂದು. ಇವತ್ತು ಗೆದ್ದ ಪ್ರತಿ ತಂಡವೂ ಕಪ್ ಹೊತ್ತು ಸುತ್ತುವುದು ಅಲ್ಲಿಂದ ಬಂದ ರೂಢಿ.

ಆತನ ಗುಂಡಿಗೆ ಎಂಥದು ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 1956ರ ಮಾರ್ಚಿನಲ್ಲಿ ಟೊರಾಂಟೋದಲ್ಲಿ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಹಂತದ, ಪಂದ್ಯ. ಲಿಂಡ್ಸೆಯೂ ಹೋವ್‌ನೂ ಅಂಗಳಕ್ಕೆ ಇಳಿದರೆ ಗುಂಡಿಕ್ಕುತ್ತೇನೆ ಎಂದು ಯಾರೋ ಫೋನ್ ಮಾಡಿದರು. ಇಬ್ಬರೂ ಇಳಿದರು. ಸಮ ಮಾಡಿದ ಗೋಲೂ ಲಿಂಡ್ಸೆಯದೇ, ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದ ಗೋಲೂ ಅವನದೇ. ಪಂದ್ಯ ಮುಗಿದ ಮೇಲೆ ಅಂಗಳದ ನಡುವೆ ನಿಂತು, ಹಾಕಿ ಕೋಲನ್ನು ತಿರುಗಿಸಿ ಬಂದೂಕಿನಂತೆ ಹೆಗಲಿಗೆ ಹಿಡಿದು, ಪ್ರೇಕ್ಷಕರತ್ತ ಗುರಿಯಿಟ್ಟು ‘ಗುಂಡು ಹಾರಿಸುತ್ತ’ ಒಂದು ಸುತ್ತು ತಿರುಗಿದ. ಸಭ್ಯತೆಯ ಮಾತು ಬಿಡಿ. ಅವನಿಗೆ ಅದರ ಗೊಡವೆ ಇರಲಿಲ್ಲ.

ಇಂಥ ಗಂಡುಗಳೆಲ್ಲ ಮ್ಯಾನೇಜರನ ಮೇಜಿನ ಮುಂದೆ ನಿಂತಾಗ ತಲೆ ತಗ್ಗಿಸುತ್ತಿದ್ದರು. ಯಾಕೆ? ನನ್ನ ಮಾತಿನ ತಿರುಳು ಈ ಪ್ರಶ್ನೆಯಲ್ಲಿದೆ.

1942ರಿಂದ 1967ರವರೆಗೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಇದ್ದದ್ದು ಆರೇ ತಂಡ: ಮಾಂಟ್ರಿಯಲ್, ಟೊರಾಂಟೋ, ಡೆಟ್ರಾಯಿಟ್, ಶಿಕಾಗೋ, ಬಾಸ್ಟನ್, ನ್ಯೂಯಾರ್ಕ್. ಒಂದೊಂದರಲ್ಲಿ ಇಪ್ಪತ್ತರ ಆಸುಪಾಸು ಆಟಗಾರರು. ಅಂದರೆ ಆ ಮಟ್ಟದಲ್ಲಿ ಜಗತ್ತಿನಲ್ಲಿದ್ದ ಕೆಲಸ ಸುಮಾರು ನೂರಿಪ್ಪತ್ತು. ಕೆಳಗಿನ ಮೈನರ್ ಲೀಗುಗಳಲ್ಲಿ ನೂರಾರು ಹುಡುಗರು ಕಾದು ನಿಂತಿದ್ದರು. 70 ಪಂದ್ಯಗಳ ಹಂಗಾಮಿನಲ್ಲಿ ಪ್ರತಿ ತಂಡ ಉಳಿದ ಐದರೊಡನೆ ಹದಿನಾಲ್ಕು ಹದಿನಾಲ್ಕು ಸಲ ಸೆಣಸುತ್ತಿತ್ತು. ಹಾಗಾಗಿ ಹಗೆ ಆರುವುದಕ್ಕೆ ಸಮಯವೇ ಇರಲಿಲ್ಲ. ಮಾಲೀಕರಾದರೂ ಆರು ಮಂದಿಯೇ ಎಂದರೆ ಅದೂ ಇಲ್ಲ. ಡೆಟ್ರಾಯಿಟ್ ನಾರಿಸ್ ಕುಟುಂಬದ್ದು, ಶಿಕಾಗೋದಲ್ಲಿ ಅದೇ ಕುಟುಂಬದ ಮಗ ಪಾಲುದಾರ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೂ ಅವರ ಕೈ. ಎನ್‌ಎಚ್‌ಎಲ್ ಎಂದರೆ ‘ನಾರಿಸ್ ಹೌಸ್ ಲೀಗ್’ ಎಂದು ಪತ್ರಕರ್ತರು ನಗೆಯಾಡುತ್ತಿದ್ದರು.

ಈ ಕೂಟದ ಕೈಗೆ ಆಟಗಾರ ಬೀಳುತ್ತಿದ್ದದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ‘ಸಿ-ಫಾರ್ಮ್’ ಎಂಬ ಒಂದು ಕಾಗದ. ಹುಡುಗನಿಗೆ ಹದಿನೆಂಟು ಆಗಿರದಿದ್ದರೆ ಹೆತ್ತವರು ಸಹಿ ಹಾಕಬೇಕು. ಕೈಗೆ ಸಿಗುತ್ತಿದ್ದದ್ದು ಎಷ್ಟೋ ಸಲ ನೂರು ಡಾಲರ್. ಸಹಿ ಬಿದ್ದ ಮೇಲೆ ಅವನ ಆಟದ ಬದುಕು ಆ ತಂಡದ ಸೊತ್ತು. ಆ ತಂಡ ಕರೆದಾಗ ಆಡಬೇಕು, ಅದು ಕೊಟ್ಟಷ್ಟು ತೆಗೆದುಕೊಳ್ಳಬೇಕು, ಅದು ಮಾರಿದ ಕಡೆಗೆ ಹೋಗಬೇಕು, ಇಲ್ಲವೆ ಆಟ ಬಿಡಬೇಕು. ಬೇರೆ ತಂಡದೊಡನೆ ಮಾತನಾಡುವ ಹಾಗಿಲ್ಲ. ಮುಂದೆ ಈ ಆಟದ ದೊಡ್ಡ ಹೆಸರಾದ ಬಾಬಿ ಆರ್ 1962ರಲ್ಲಿ ಬಾಸ್ಟನ್ನಿಗೆ ಸಿ-ಫಾರ್ಮ್ ಒಪ್ಪಿಸಿದಾಗ ಅವನಿಗೆ ಹದಿನಾಲ್ಕು ವರ್ಷ. ತಂಡ ಕೊಟ್ಟ ಮಾತುಗಳಲ್ಲಿ ಮನೆಯ ಗೋಡೆಗೆ ಗಾರೆ ಮಾಡಿಸಿಕೊಡುವುದೂ ಒಂದು.

ಡೆಟ್ರಾಯಿಟಿನ ಮ್ಯಾನೇಜರ್ ಜ್ಯಾಕ್ ಆಡಮ್ಸ್. 1927ರಿಂದ ಮೂರೂವರೆ ದಶಕ ಆ ತಂಡ ಆಳಿದ ಮನುಷ್ಯ. ಈತ ಡ್ರೆಸ್ಸಿಂಗ್ ರೂಮಿನಲ್ಲಿ ಓಡಾಡುವಾಗ ಕೋಟಿನ ಜೇಬಿನಿಂದ ರೈಲು ಟಿಕೆಟ್ ಇಣುಕುವಂತೆ ಇಟ್ಟುಕೊಳ್ಳುತ್ತಿದ್ದನಂತೆ. ಮೈನರ್ ಲೀಗಿನ ಊರುಗಳಿಗೆ ಹೋಗುವ ಟಿಕೆಟ್, ಒಂದೇ ಕಡೆಯದು. ಬಾಯಿಬಿಟ್ಟು ಗದರಿಸುವ ಅಗತ್ಯವೇ ಇಲ್ಲ. ಇನ್ನೊಂದು ಕಡೆ ಗಾರ್ಡಿ ಹೋವ್‌ನನ್ನು ನೋಡಿ: ಸಸ್ಕಾಚೆವನ್‌ನ ಬಡ ಕುಟುಂಬದ, ಮಾತೇ ಹೊರಡದಷ್ಟು ನಾಚಿಕೆಯ ಹುಡುಗ. ಕರಾರಿಗೆ ಸಹಿ ಹಾಕುವಾಗ ಅವನು ಕೇಳಿಕೊಂಡ ದೊಡ್ಡ ವರ ತಂಡದ ಹೆಸರಿರುವ ಒಂದು ಜಾಕೆಟ್. ಅದನ್ನು ಕೊಡುವುದನ್ನೂ ಆಡಮ್ಸ್ ಮರೆತಿದ್ದ. ಮರುವರ್ಷ ಹುಡುಗ ನೆನಪಿಸಿ ಪಡೆದುಕೊಂಡ. ಈ ಕಥೆಯನ್ನು ಹಾಕಿ ಪ್ರಿಯರು ಹೋವ್‌ನ ಮುಗ್ಧತೆಗೆ ಉದಾಹರಣೆಯಾಗಿ ಮುಗುಳ್ನಗುತ್ತ ಹೇಳುತ್ತಾರೆ. ನನಗೆ ಅದರಲ್ಲಿ ನಗು ಬರುವಂಥದ್ದೇನೂ ಕಾಣಿಸಿಲ್ಲ.

ಇನ್ನು ಪಿಂಚಣಿ. 1947ರಲ್ಲಿ ಲೀಗು ಪಿಂಚಣಿ ನಿಧಿ ತೆರೆಯಿತು. ಆಟಗಾರ ವರ್ಷಕ್ಕೆ 900 ಡಾಲರ್ ಕಟ್ಟಬೇಕು. ಎಂಟೊಂಬತ್ತು ಸಾವಿರ ಸಂಬಳದವನಿಗೆ ಅದು ಹತ್ತನೆಯ ಒಂದು ಪಾಲು. ಮಾಲೀಕರ ಪಾಲು ಎಲ್ಲಿಂದ? ವರ್ಷಕ್ಕೊಮ್ಮೆ ನಡೆಯುವ ಆಲ್-ಸ್ಟಾರ್ ಪಂದ್ಯದ ಗಳಿಕೆಯ ಮೂರನೆಯ ಎರಡು ಭಾಗ, ಮತ್ತು ಪ್ಲೇಆಫ್ ಟಿಕೆಟ್ಟುಗಳ ಮೇಲೆ 25 ಸೆಂಟ್ ಹೆಚ್ಚುವರಿ. ಅಂದರೆ ಆಟಗಾರರು ಬಿಟ್ಟಿ ಆಡಿದ ಪಂದ್ಯದ ದುಡ್ಡು, ಪ್ರೇಕ್ಷಕರ ಜೇಬಿನ ಚಿಲ್ಲರೆ. ಮಾಲೀಕರ ಗಂಟಿನಿಂದ ಹೊರಬಿದ್ದದ್ದು ಹೆಚ್ಚೇನಿಲ್ಲ. ಲಿಂಡ್ಸೆಯನ್ನು ಪಿಂಚಣಿ ಮಂಡಲಿಗೆ ಆಟಗಾರರ ಪ್ರತಿನಿಧಿಯಾಗಿ ನೇಮಿಸಿದ್ದರು. ಸಭೆಗೆ ಹೋದ. ನಿಧಿಯಲ್ಲಿ ಎಷ್ಟಿದೆ, ಎಲ್ಲಿ ಹೂಡಿದ್ದೀರಿ, ಲೆಕ್ಕದ ಪುಸ್ತಕ ತೋರಿಸಿ ಎಂದ. ತೋರಿಸಲಿಲ್ಲ. ಮತ್ತೆ ಕೇಳಿದ. ಮತ್ತೆ ತೋರಿಸಲಿಲ್ಲ.

ಲಿಂಡ್ಸೆಯ ಬಂಡಾಯಕ್ಕೆ ಸಿದ್ಧಾಂತದ ಹಿನ್ನೆಲೆ ಹುಡುಕುವವರಿಗೆ ನಿರಾಸೆಯಾಗುತ್ತದೆ. ಆತ ಸಮಾಜವಾದಿಯಲ್ಲ, ಮುಂದೆ ಸ್ವಂತ ಉದ್ಯಮ ನಡೆಸಿ ಚೆನ್ನಾಗಿಯೇ ಸಂಪಾದಿಸಿದವನು. ಕಟ್ಟಿದ ದುಡ್ಡಿಗೆ ಲೆಕ್ಕ ಕೇಳಿದ, ಕೊಡಲಿಲ್ಲ, ಸಿಟ್ಟು ಬಂತು – ಅಷ್ಟೆ. ಹಳ್ಳಿಯ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಲ್ಲುವ ಸದಸ್ಯನ ಸಿಟ್ಟು ಅದು. ಅಂಥ ಸಿಟ್ಟನ್ನು ವೇದಿಕೆಯ ಮೇಲೆ ಕುಳಿತವರು ಬಹಳ ಬೇಗ ದ್ರೋಹ ಎಂದು ಕರೆಯುತ್ತಾರೆ.

1956ರ ಅಕ್ಟೋಬರಿನಲ್ಲಿ, ಆಲ್-ಸ್ಟಾರ್ ಪಂದ್ಯಕ್ಕೆಂದು ಎಲ್ಲ ತಂಡಗಳ ಮುಖ್ಯ ಆಟಗಾರರು ಮಾಂಟ್ರಿಯಲ್‌ನಲ್ಲಿ ಸೇರಿದಾಗ, ಲಿಂಡ್ಸೆ ಡಗ್ ಹಾರ್ವಿಯೊಡನೆ ಮಾತು ತೆಗೆದ. ಹಾರ್ವಿ ಮಾಂಟ್ರಿಯಲ್ ತಂಡದ ರಕ್ಷಣಾ ಆಟಗಾರ, ಆ ಕಾಲದಲ್ಲಿ ಆ ಸ್ಥಾನಕ್ಕೆ ಅವನ ಸಮ ಯಾರೂ ಇರಲಿಲ್ಲ. ಇದರಲ್ಲಿ ಎಷ್ಟು ಕಷ್ಟವಿತ್ತು ಎಂಬುದನ್ನು ನೀವು ಊಹಿಸಿಕೊಳ್ಳಬೇಕು. ಎದುರು ತಂಡದವರೊಡನೆ ಸ್ನೇಹ ಮಾಡಬಾರದು ಎಂಬುದು ಕಟ್ಟಪ್ಪಣೆ, ಮಾಡಿದರೆ ದಂಡ. ಶನಿವಾರ ರಾತ್ರಿ ಒಂದು ಊರಿನಲ್ಲಿ ಆಡಿ, ಭಾನುವಾರ ಅದೇ ಎದುರಾಳಿಯೊಡನೆ ಇನ್ನೊಂದು ಊರಿನಲ್ಲಿ ಆಡಲು ಎರಡೂ ತಂಡ ಒಂದೇ ರೈಲಿನಲ್ಲಿ ಹೋಗುವುದಿತ್ತು. ಬೋಗಿ ಬೇರೆ ಬೇರೆ, ಊಟಕ್ಕೆ ಹೋಗುವಾಗ ಎದುರಾದರೂ ಮುಖ ತಿರುಗಿಸಬೇಕು. ಪ್ರೇಕ್ಷಕರಿಗೆ ಹಗೆ ಬೇಕಿತ್ತು ನಿಜ. ಆ ಹಗೆಯಿಂದ ಮಾಲೀಕರಿಗೆ ಇನ್ನೊಂದು ಲಾಭ: ಒಬ್ಬನ ಸಂಬಳ ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ.

ಇಬ್ಬರೂ ನ್ಯೂಯಾರ್ಕಿನ ವಕೀಲರನ್ನು ಹಿಡಿದರು. ನಾರ್ಮನ್ ಲೂಯಿಸ್, ಮಿಲ್ಟನ್ ಮೌಂಡ್. ಬೇಸ್‌ಬಾಲ್ ಆಟಗಾರರ ಪಿಂಚಣಿಗಾಗಿ ದುಡಿದ ಅನುಭವ ಅವರದು. ಆ ಚಳಿಗಾಲವೆಲ್ಲ ಲಿಂಡ್ಸೆ ಗುಟ್ಟಾಗಿ ಒಬ್ಬೊಬ್ಬರನ್ನೇ ಕಂಡ. ತಾನು ವರ್ಷಗಳ ಕಾಲ ಮೊಣಕೈಯಿಂದ ತಿವಿದವರನ್ನು, ತನ್ನ ಮುಖಕ್ಕೆ ಹೊಲಿಗೆ ಹಾಕಿಸಿದವರನ್ನು. ತಲೆಗೆ ನೂರು ಡಾಲರ್ ವಂತಿಗೆ. ಹೆಚ್ಚುಕಡಿಮೆ ಎಲ್ಲರೂ ಕೊಟ್ಟರು, ಒಬ್ಬರೂ ಬಾಯಿಬಿಡಲಿಲ್ಲ. ನೂರಿಪ್ಪತ್ತು ಜನರಲ್ಲಿ ಗುಟ್ಟು ಉಳಿಯಿತು ಎಂಬುದೇ ಒಂದು ಸೋಜಿಗ. ಅವರ ಒಳಗಿನ ಅಸಮಾಧಾನ ಎಷ್ಟು ಹಳೆಯದು ಎಂಬುದಕ್ಕೆ ಅದೇ ಸಾಕ್ಷಿ. 1957ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಆಟಗಾರರ ಸಂಘ ಬಹಿರಂಗವಾಯಿತು. ಲಿಂಡ್ಸೆ ಅಧ್ಯಕ್ಷ, ಹಾರ್ವಿ ಉಪಾಧ್ಯಕ್ಷ. ಟೊರಾಂಟೋದ ಜಿಮ್ ಥಾಮ್ಸನ್, ಬಾಸ್ಟನ್ನಿನ ಫರ್ನ್ ಫ್ಲಾಮನ್, ಶಿಕಾಗೋದ ಗಸ್ ಮಾರ್ಟ್‌ಸನ್, ನ್ಯೂಯಾರ್ಕಿನ ಬಿಲ್ ಗ್ಯಾಡ್ಸ್‌ಬಿ ಜತೆಗಾರರು.

ಇಷ್ಟೆಲ್ಲ ಓಡಾಟದ ನಡುವೆ ಆ ಹಂಗಾಮಿನಲ್ಲಿ ಲಿಂಡ್ಸೆಯ ಆಟ ಹೇಗಿತ್ತು ಗೊತ್ತೆ? 30 ಗೋಲು, 55 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಒಟ್ಟು 85 ಅಂಕ. ಅವನ ಬಾಳಿನಲ್ಲೇ ಅತಿ ಹೆಚ್ಚು. ಲೀಗಿನಲ್ಲಿ ಎರಡನೆಯ ಸ್ಥಾನ. ಮೊದಲಿನವನು 89 ಅಂಕಗಳ ಹೋವ್. ಅಂಥ ಆಟಗಾರನನ್ನು ಆಡಮ್ಸ್ 1957ರ ಜುಲೈನಲ್ಲಿ ಶಿಕಾಗೋಗೆ ಸಾಗಿಸಿದ. ಆಗ ಶಿಕಾಗೋ ಎಂದರೆ ಲೀಗಿನ ತಳ. ಟೊರಾಂಟೋ ಕೂಡ ಜಿಮ್ ಥಾಮ್ಸನ್‌ನನ್ನು ಅದೇ ಬೇಸಿಗೆಯಲ್ಲಿ ಅಲ್ಲಿಗೇ ಮಾರಿತು. ನಮ್ಮಲ್ಲಿ ಸರ್ಕಾರಿ ನೌಕರನನ್ನು ದೂರದ ತಾಲ್ಲೂಕಿಗೆ ಎತ್ತಂಗಡಿ ಮಾಡುವ ಕ್ರಮ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಮೊದಲ ಹಂಗಾಮಿನಲ್ಲಿ ಅವನ ಅಂಕ 85ರಿಂದ 39ಕ್ಕೆ ಇಳಿಯಿತು. ಅಂಕಿ ಅಂಶದ ಪುಸ್ತಕ ತೆರೆದು ಈ ಸಾಲಿನ ಮೇಲೆ ಕಣ್ಣಾಡಿಸುವವನಿಗೆ ‘ವಯಸ್ಸಾಯಿತು, ಆಟ ಇಳಿಯಿತು’ ಎನಿಸುತ್ತದೆ. ಕ್ರೀಡಾಪಟುವಿನ ಬದುಕನ್ನು ಅಂಕಿಗಳಿಂದಲೇ ಓದುವ ನಮ್ಮ ಚಟ ಹೇಗೆ ದಾರಿ ತಪ್ಪಿಸುತ್ತದೆ ಎನ್ನಲು ಈ ಒಂದು ಸಾಲು ಸಾಕು.

ಸಂಘ ಸುಮ್ಮನೆ ಕೂರಲಿಲ್ಲ. 1957ರ ಅಕ್ಟೋಬರಿನಲ್ಲಿ 30 ಲಕ್ಷ ಡಾಲರ್ ಪರಿಹಾರ ಕೇಳಿ, ಲೀಗು ಏಕಸ್ವಾಮ್ಯ ನಡೆಸುತ್ತಿದೆ ಎಂದು ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಟೊರಾಂಟೋದಲ್ಲಿ ಕಾರ್ಮಿಕ ಮಂಡಳಿಯ ಮುಂದೆ ಮಾನ್ಯತೆಗೆ ಅರ್ಜಿ ಹಾಕಿತು. ಪೆಟ್ಟು ಬಿದ್ದದ್ದು ಒಳಗಿನಿಂದ. ನವೆಂಬರಿನಲ್ಲಿ ಡೆಟ್ರಾಯಿಟ್ ಆಟಗಾರರು, ಲಿಂಡ್ಸೆಯ ಹಳೆಯ ತಂಡದವರು, ಸಂಘದಿಂದ ಹೊರಬರಲು ಮತ ಹಾಕಿದರು. ನಾಯಕ ರೆಡ್ ಕೆಲ್ಲಿ, ದೊಡ್ಡ ತಾರೆ ಹೋವ್ – ಇಬ್ಬರೂ ಲಿಂಡ್ಸೆಯ ಪಕ್ಕ ನಿಲ್ಲಲಿಲ್ಲ. ಹೋವ್ ಒಂದು ಮಾತು ಆಡಿದ್ದರೆ ಸಾಕಿತ್ತು ಎಂದು ಆಮೇಲೆ ಅನೇಕರು ಹೇಳಿದ್ದಾರೆ. ಹೋವ್‌ನನ್ನು ನಾನು ದೂರಲಾರೆ. ಓದು ಕಡಿಮೆ, ಮನೆಯಲ್ಲಿ ಸಣ್ಣ ಮಕ್ಕಳು, ಈ ಆಟ ಬಿಟ್ಟರೆ ಗೊತ್ತಿರುವ ಕಸುಬು ಇನ್ನೊಂದಿಲ್ಲ. ನನ್ನ ತಂಡ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಅವನು ನಿಜವಾಗಿ ನಂಬಿದ್ದ. ಲಿಂಡ್ಸೆಗೋ ಮಾರ್ಟಿ ಪೆವೆಲಿಚ್ ಜತೆ ಸೇರಿ ಶುರುಮಾಡಿದ ಪ್ಲಾಸ್ಟಿಕ್ ವ್ಯವಹಾರವಿತ್ತು. ಆಟ ಹೋದರೂ ಒಲೆ ಉರಿಯುತ್ತಿತ್ತು. ಧೈರ್ಯದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳುವುದು ನ್ಯಾಯ. ಎರಡನೆಯ ವರಮಾನ ಇಲ್ಲದವನಿಂದ ಅದೇ ಎದೆಗಾರಿಕೆ ಕೇಳುವುದು ಸಲ್ಲದು.

ನಿಷ್ಠೆಗೆ ಫಲ ಸಿಕ್ಕಿತೆ? ಕೆಲ್ಲಿಯ ಕಥೆ ಕೇಳಿ. 1959ರಲ್ಲಿ ಕಾಲಿನ ಗಿಣ್ಣು ಮುರಿದಿದ್ದರೂ ಆಡಳಿತದ ಒತ್ತಾಯಕ್ಕೆ ಕಟ್ಟು ಬಿಗಿದುಕೊಂಡು ಆಡಿದ. ಆ ಹಂಗಾಮಿನ ಆಟ ಸಪ್ಪೆಯಾಗಿತ್ತು. ಮರುವರ್ಷ ಪತ್ರಕರ್ತನೊಬ್ಬ ಕಾರಣ ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಸುದ್ದಿ ಅಚ್ಚಾದ ಬೆನ್ನಿಗೇ ಆಡಮ್ಸ್ ಅವನನ್ನು ನ್ಯೂಯಾರ್ಕಿಗೆ ಟ್ರೇಡ್ ಮಾಡಿದ. ಕೆಲ್ಲಿ ಹೋಗಲೊಪ್ಪದೆ ಆಟಕ್ಕೇ ವಿದಾಯ ಹೇಳಿದ. ಆಮೇಲೆ ಟೊರಾಂಟೋ ಅವನನ್ನು ಕರೆಸಿಕೊಂಡಿತು, ಅಲ್ಲಿ ಇನ್ನೂ ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದ. ನಡುವೆ ಕೆನಡಾದ ಪಾರ್ಲಿಮೆಂಟ್ ಸದಸ್ಯನೂ ಆಗಿ, ಹಗಲು ಸಂಸತ್ತು ರಾತ್ರಿ ಹಾಕಿ ಎಂದು ಓಡಾಡಿದ್ದು ಬೇರೆಯೇ ಒಂದು ಉಪನ್ಯಾಸಕ್ಕೆ ಆಗುವಷ್ಟಿದೆ. ಇತ್ತ ಡೆಟ್ರಾಯಿಟ್ 1955ರ ನಂತರ ಮತ್ತೊಂದು ಕಪ್ ಕಂಡದ್ದು 1997ರಲ್ಲಿ. ಅದಕ್ಕೆಲ್ಲ ಆಡಮ್ಸ್‌ನ ಇಂಥ ಟ್ರೇಡುಗಳೇ ಕಾರಣ ಎನ್ನುವವರಿದ್ದಾರೆ. ನಲವತ್ತೆರಡು ವರ್ಷದ ಬರವನ್ನು ಒಬ್ಬನ ತಲೆಗೆ ಕಟ್ಟುವುದು ಹೆಚ್ಚಾಯಿತು.

1958ರ ಫೆಬ್ರವರಿಯಲ್ಲಿ ರಾಜಿಯಾಯಿತು. ಸಂಘ ದಾವೆ ಹಿಂತೆಗೆದುಕೊಂಡು ಮುಚ್ಚಿಹೋಯಿತು. ಬದಲಿಗೆ ಕನಿಷ್ಠ ಸಂಬಳ 7,000 ಡಾಲರ್ ಎಂದು ಗೊತ್ತಾಯಿತು, ಪಿಂಚಣಿಗೆ ಮಾಲೀಕರ ಕೊಡುಗೆ ಹೆಚ್ಚಿತು, ಆಸ್ಪತ್ರೆ ಖರ್ಚು, ಊರು ಬದಲಿಸುವ ಖರ್ಚು ಸಿಕ್ಕಿತು. ಹಾಕಿ ಚರಿತ್ರೆಯ ಪುಸ್ತಕಗಳಲ್ಲಿ ಇದನ್ನು ಸೋಲು ಎಂದೇ ಬರೆಯುತ್ತಾರೆ. ನನಗೆ ಹಾಗೆ ಪೂರ್ತಿ ಅನ್ನಿಸುವುದಿಲ್ಲ. ತಂಡದಲ್ಲಿ ಕೊನೆಯ ಸಾಲಿನಲ್ಲಿ ಕೂರುವ ಹುಡುಗನಿಗೆ ಆ 7,000 ಸಣ್ಣದಲ್ಲ. ಕಳೆದುಕೊಂಡದ್ದು ಒಂದೇ, ಅದು ದೊಡ್ಡದು: ಲೆಕ್ಕದ ಪುಸ್ತಕ ತೆರೆಸುವ ಹಕ್ಕು.

ಲಿಂಡ್ಸೆ 1960ರಲ್ಲಿ ಆಟ ಬಿಟ್ಟ. ನಾಲ್ಕು ವರ್ಷ ವ್ಯಾಪಾರ ನೋಡಿಕೊಂಡ. 1964ರಲ್ಲಿ ಹಳೆಯ ಜತೆಗಾರ ಸಿಡ್ ಏಬಲ್ ಡೆಟ್ರಾಯಿಟಿನ ಮ್ಯಾನೇಜರನಾಗಿದ್ದ, ಬಾ ಎಂದ. ಮೂವತ್ತೊಂಬತ್ತರ ಲಿಂಡ್ಸೆ ಮತ್ತೆ ಸ್ಕೇಟ್ ಕಟ್ಟಿದ. 69 ಪಂದ್ಯ, 14 ಗೋಲು, ಪೆನಾಲ್ಟಿ ಬಾಕ್ಸಿನಲ್ಲಿ 173 ನಿಮಿಷ. ಸ್ವಭಾವ ಮಾತ್ರ ಒಂದಿಷ್ಟೂ ಮಾಗಿರಲಿಲ್ಲ. ತಂಡ ಲೀಗಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಒಂದೇ ಹಂಗಾಮು, ಡೆಟ್ರಾಯಿಟ್ ಅಂಗಿಯಲ್ಲೇ ಮುಗಿಸಬೇಕೆಂಬ ಆಸೆ ತೀರಿಸಿಕೊಂಡು ಹೊರಟ. ಒಟ್ಟು 17 ಹಂಗಾಮು, 1,068 ಪಂದ್ಯ, 379 ಗೋಲು, 472 ಅಸಿಸ್ಟ್, 1,808 ಪೆನಾಲ್ಟಿ ನಿಮಿಷ. 1966ರಲ್ಲಿ ಹಾಲ್ ಆಫ್ ಫೇಮ್‌ಗೆ ಆರಿಸಿದರು. ಗೌರವದ ಭೋಜನಕೂಟಕ್ಕೆ ಗಂಡಸರಿಗಷ್ಟೇ ಪ್ರವೇಶ ಎಂದು ತಿಳಿದಾಗ, ಹೆಂಡತಿ ಮಕ್ಕಳು ಬರುವ ಹಾಗಿಲ್ಲದ ಊಟ ನನಗೂ ಬೇಡ ಎಂದು ಮನೆಯಲ್ಲೇ ಉಳಿದ. ಮರುವರ್ಷದಿಂದ ನಿಯಮ ಬದಲಾಯಿತು. ಹೀಗೆಂದು ಲಿಂಡ್ಸೆಯನ್ನು ಸಂತನ ಪೀಠದಲ್ಲಿ ಕೂರಿಸಬೇಡಿ. ಎದುರಾಳಿಯ ಮುಖಕ್ಕೆ ಕೋಲು ಬೀಸಿದ್ದಕ್ಕೆ ಅವನು ಕೊರಗಿದವನಲ್ಲ, ಅವನ ಏಟು ತಿಂದವರು ಅವನನ್ನು ಕ್ಷಮಿಸಲೇಬೇಕೆಂದೂ ಇಲ್ಲ. ಅಂಗಳದ ಮೇಲಿನ ಅದೇ ಹಟಮಾರಿತನ ಮಂಡಲಿಯ ಸಭೆಯಲ್ಲೂ ಕೂತಿತ್ತು. ಒಂದನ್ನು ಮೆಚ್ಚಿ ಇನ್ನೊಂದನ್ನು ಕತ್ತರಿಸಿ ಎಸೆಯುವುದು ಆಗದ ಕೆಲಸ.

ಹೋವ್ ಆಡುತ್ತಲೇ ಇದ್ದ. 1968ರಲ್ಲಿ ಬಾಬ್ ಬಾನ್ ಎಂಬ ರಕ್ಷಣಾ ಆಟಗಾರ ಡೆಟ್ರಾಯಿಟಿಗೆ ಬಂದ. ಮಾತಿಗೆ ಮಾತು ಬಂದು ಸಂಬಳದ ವಿಷಯ ಬಾಯಿಬಿಟ್ಟರು. ಲೀಗಿನ ಅತಿ ದೊಡ್ಡ ಆಟಗಾರ ಎನಿಸಿಕೊಂಡ ಹೋವ್, ಲೀಗಿನ ಮಾತಿರಲಿ, ತನ್ನ ತಂಡದಲ್ಲೇ ಹೆಚ್ಚು ಸಂಬಳದವನಲ್ಲ ಎಂಬುದು ಆಗ ಹೊರಬಿತ್ತು. ನಲವತ್ತರ ವಯಸ್ಸಿನಲ್ಲಿ. ಮಾಲೀಕನ ಬಳಿ ಹೋಗಿ ಲಕ್ಷ ಡಾಲರ್ ಕೇಳಿದ. ಮಾಲೀಕ ಮರುಮಾತಿಲ್ಲದೆ ಒಪ್ಪಿದ. ಅಷ್ಟು ಸುಲಭವಾಗಿ ಕೊಟ್ಟರು ಎಂಬುದೇ ಹೋವ್‌ನನ್ನು ಹೆಚ್ಚು ನೋಯಿಸಿತು ಎನ್ನುತ್ತಾರೆ, ನೋಯದೆ ಇರುತ್ತದೆಯೆ?

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1967ರಲ್ಲಿ ಲೀಗು ಆರರಿಂದ ಹನ್ನೆರಡು ತಂಡಗಳಿಗೆ ಬೆಳೆಯಿತು. ಅದೇ ವರ್ಷ ಟೊರಾಂಟೋದ ವಕೀಲ ಆಲನ್ ಈಗಲ್‌ಸನ್ ಮುಂದಾಳುತನದಲ್ಲಿ ಆಟಗಾರರ ಸಂಘ ಎರಡನೆಯ ಸಲ ಹುಟ್ಟಿತು. 1972ರಲ್ಲಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಪ್ರತಿಸ್ಪರ್ಧಿ ಲೀಗು ಎದ್ದು, ಶಿಕಾಗೋದ ಬಾಬಿ ಹಲ್‌ಗೆ ಸಹಿಗೇ ಹತ್ತು ಲಕ್ಷ ಡಾಲರ್ ಕೊಟ್ಟಾಗ ಎಲ್ಲರ ಸಂಬಳವೂ ಏರಿತು. 2025–26ರ ಹಂಗಾಮಿನಲ್ಲಿ ಈ ಲೀಗಿನ ಕನಿಷ್ಠ ಸಂಬಳ 7,75,000 ಡಾಲರ್ ಇತ್ತು. ಆದರೆ ಸಂಘ ಇದ್ದ ಮಾತ್ರಕ್ಕೆ ಲೆಕ್ಕ ಸಿಗಲಿಲ್ಲ. ಈಗಲ್‌ಸನ್ ಇಪ್ಪತ್ತೈದು ವರ್ಷ ಸಂಘವನ್ನು ತನ್ನ ಅಂಗಡಿಯಂತೆ ನಡೆಸಿದ. ಒಂದು ಕಡೆ ಆಟಗಾರರ ಪರ ಚೌಕಾಸಿ, ಇನ್ನೊಂದು ಕಡೆ ಮಾಲೀಕರ ಜತೆ ಗಾಢ ಸ್ನೇಹ. 1998ರಲ್ಲಿ ಬಾಸ್ಟನ್ ಮತ್ತು ಟೊರಾಂಟೋ ಕೋರ್ಟುಗಳಲ್ಲಿ ವಂಚನೆಯ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಸಂಘಟನೆಯ ಕೆಲಸ ಮಾಡಿದವರಿಗೆ ಈ ಭಾಗ ಕಹಿಯಾಗಿ ಕೇಳಿಸಬಹುದು. ಲಿಂಡ್ಸೆ ಮಾಲೀಕರನ್ನು ಕೇಳಿದ ಪ್ರಶ್ನೆಯನ್ನು ಈ ಹೊತ್ತಿಗೆ ಆಟಗಾರರು ತಮ್ಮದೇ ಸಂಘಕ್ಕೂ ಕೇಳಬೇಕಾಗಿ ಬಂದಿತ್ತು.

ಪಿಂಚಣಿ ನಿಧಿಯ ಕತೆ ಅಲ್ಲಿಗೂ ನಿಂತಿರಲಿಲ್ಲ. ನಿಧಿಯಲ್ಲಿ ವರ್ಷಗಳಿಂದ ಬೆಳೆದ ಹೆಚ್ಚುವರಿ ಹಣವನ್ನು ನಿವೃತ್ತ ಆಟಗಾರರಿಗೆ ಕೊಡದೆ, ಅದರಿಂದಲೇ ತಮ್ಮ ಕೊಡುಗೆಯ ಹೊರೆ ಇಳಿಸಿಕೊಳ್ಳುತ್ತ ಬಂದಿದ್ದರು ಕ್ಲಬ್ಬುಗಳು. ಅದನ್ನು ಕೆದಕಿದವನು ಟೊರಾಂಟೋದ ಹಳೆಯ ಆಟಗಾರ ಕಾರ್ಲ್ ಬ್ರೂವರ್. ಅವನೂ ಸೇರಿ ಏಳು ಜನ ನಿವೃತ್ತರು ಆಂಟೇರಿಯೋ ನ್ಯಾಯಾಲಯಕ್ಕೆ ಹೋದರು. ಕಡತದಲ್ಲಿ ಮೊದಲ ಹೆಸರು ಆಂಡಿ ಬಾತ್‌ಗೇಟ್. ಬಾಬಿ ಹಲ್ ಇದ್ದ, ಎಡ್ಡಿ ಶ್ಯಾಕ್ ಇದ್ದ. ಗಾರ್ಡಿ ಹೋವ್ ಇದ್ದ. 1957ರಲ್ಲಿ ಬಾಯಿಬಿಡದ ಹೋವ್, ಇಪ್ಪತ್ತಾರು ಹಂಗಾಮು ಈ ಲೀಗಿಗೆ ಆಡಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಅದೇ ನಿಧಿಯ ಲೆಕ್ಕ ಕೇಳಿ ಕಟಕಟೆಯ ಈ ಬದಿಗೆ ಬಂದಿದ್ದ. 1992ರ ಅಕ್ಟೋಬರಿನಲ್ಲಿ ತೀರ್ಪು ಬಂತು: ಹೆಚ್ಚುವರಿ ಹಣ ಆಟಗಾರರದು, ಬಡ್ಡಿ ಸಹಿತ ಕೊಡಿ. ತೀರ್ಪು ಬರೆದ ನ್ಯಾಯಮೂರ್ತಿಯ ಹೆಸರು ಜಾರ್ಜ್ ಆಡಮ್ಸ್. ಜ್ಯಾಕ್ ಆಡಮ್ಸ್‌ಗೂ ಇವರಿಗೂ ಹೆಸರಿನ ನಂಟಷ್ಟೇ. ಇವರು ಹಿಂದೆ ಆಂಟೇರಿಯೋ ಕಾರ್ಮಿಕ ಮಂಡಳಿಯ ಅಧ್ಯಕ್ಷರಾಗಿದ್ದವರು. ಲೀಗು ಮೇಲ್ಮನವಿ ಹೋಗಿ ಅಲ್ಲೂ ಸೋತಿತು. 1994ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಮನವಿ ಕೈಗೆತ್ತಿಕೊಳ್ಳಲೇ ಇಲ್ಲ. 4 ಕೋಟಿ ಡಾಲರಿಗೂ ಮೀರಿದ ಮೊತ್ತ ಸಾವಿರಕ್ಕೂ ಹೆಚ್ಚು ಹಳೆಯ ಆಟಗಾರರಿಗೆ ಮತ್ತು ಅವರ ಕುಟುಂಬಗಳಿಗೆ ಹಂಚಿಕೆಯಾಯಿತು. ಅಷ್ಟರಲ್ಲಿ, ಮೊದಲ ಸಂಘ ಕಟ್ಟಿದವರ ಪೈಕಿ ಡಗ್ ಹಾರ್ವಿ 1989ರಲ್ಲಿ, ಜಿಮ್ ಥಾಮ್ಸನ್ 1991ರಲ್ಲಿ ತೀರಿಕೊಂಡಿದ್ದರು. ಲಿಂಡ್ಸೆ 2019ರವರೆಗೆ ಬದುಕಿದ; 2010ರಿಂದ ಆಟಗಾರರೇ ಮತ ಹಾಕಿ ಆರಿಸುವ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಅವನ ಹೆಸರಿನಲ್ಲಿದೆ.